ಸುತ್ತಿಗೆ ಹಿಡಿದ ಕೈಯಲ್ಲಿ ಸೂಜಿ

ಹೊಸಪೇಟೆ ನಿಲ್ದಾಣಕ್ಕೆ ಸಂಡೂರು ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಗಳಿಂದ ಬುತ್ತಿಚೀಲ, ಟವೆಲ್ಲು, ಕೂಸಿನ ಕುಲಾವಿ ಒಳಗೆ ಬೀಳುತ್ತವೆ. ಸೀಟು ಹಿಡಿಯುವ ಈ ವಿದ್ಯೆ ಒಂದು ಕಾಲಕ್ಕೆ ಗಂಡಸರದು. ಈಗ ಅದರಲ್ಲಿ ಹೆಂಗಸರದೇ ಮೇಲುಗೈ. "ಆಧಾರ್ ಕೈಯಾಗ ಹಿಡ್ಕೊಳ್ರಿ ಯವ್ವಾ, ಗಂಡಸ್ರು ಚಿಲ್ಲರೆ ತೆಗೀರಿ" ಎಂದು ಕೂಗುತ್ತ ಕಂಡಕ್ಟರ್ ಸಂದಿಯಲ್ಲಿ ತೂರಿ ಬರುತ್ತಾನೆ. ಮಿಷನ್ನು ಕಿರ್ರೆಂದು ಶೂನ್ಯ ಟಿಕೆಟ್ ಉಗುಳುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಅದರ ಖರ್ಚಿನ ವಾದ ನಿಂತಿಲ್ಲ. ಅದು ವಿಧಾನಸೌಧದ ಮಾತು. ಬಸ್ಸಿನೊಳಗೆ ಕಾಣುವುದು ಬೇರೆ: ಮಲ್ಲಿಗೆ ಬುಟ್ಟಿಯವಳು, ಮೊಬೈಲಿನಲ್ಲಿ ಮಕ್ಕಳ ತೂಕ ತುಂಬುತ್ತಿರುವ ಅಂಗನವಾಡಿ ಕಾರ್ಯಕರ್ತೆ, ನರ್ಸಿಂಗ್ ಓದುವ ಹುಡುಗಿ, ತೋಳಿನ ತನಕ ಬಳೆ ಏರಿಸಿದ ತಾಂಡಾದ ಮುದುಕಿ. ತವರಿಗೆ ಹೋಗಲು ಗಂಡನ ಮುಂದೆ ಬಸ್‌ಚಾರ್ಜಿಗೆ ಕೈಯೊಡ್ಡುವ ಒಂದು ಸಣ್ಣ ಅವಮಾನ ಇವರ ದಿನಚರಿಯಿಂದ ಜಾರಿಹೋಗಿದೆ.

ಶ್ರಾವಣದ ಮಳೆಗೆ ಸಂಡೂರಿನ ಬೆಟ್ಟಗಳು ಹಸಿರಾಗುತ್ತವೆ. ಆದರೆ ಹಸಿರು ಎಲ್ಲ ಕಡೆ ಹತ್ತುವುದಿಲ್ಲ. ಗಣಿ ಕಡಿದ ಮೆಟ್ಟಿಲುಗಳು ಕೆಂಪಗೆ ಉಳಿದು, ಅಲ್ಲಿಂದ ಇಳಿವ ನೀರು ಹಳ್ಳವನ್ನೂ ಕೆಂಪು ಮಾಡುತ್ತದೆ. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಬಣ್ಣ ಮಾತ್ರ ಒಂದೇ. ಈ ಊರಿನ ಹೆಂಗಸರಿಗೆ ಕೈಗಾರಿಕೆಯೆಂದರೆ ಮೊದಲಿಗೆ ಬಟ್ಟೆಯಿಂದ ಬಿಡದ ಕಲೆ. ಬಿಳಿಯ ಪಂಚೆ ಬಿಳಿಯಾಗಿಯೇ ಒಣಗಿದ ದಿನ ಇಲ್ಲಿ ಅಪರೂಪ.

ಇಲ್ಲಿ ಸುತ್ತಿಗೆಯ ಕಾಲವೊಂದಿತ್ತು. ಅದಿರಿನ ಗಡ್ಡೆಯನ್ನು ಒಡೆದು, ಜರಡಿ ಹಿಡಿದು, ದಪ್ಪದ್ದನ್ನೂ ಪುಡಿಯನ್ನೂ ಬೇರೆ ಮಾಡಿ ಪುಟ್ಟಿಯಲ್ಲಿ ಹೊತ್ತು ಲಾರಿಗೆ ಸುರಿಯುವ ಕೆಲಸ. 2003-04ರ ಹೊತ್ತಿಗೆ ಚೀನಾದ ಉಕ್ಕಿನ ಹಸಿವಿನಿಂದ ಅದಿರಿನ ಬೆಲೆ ಏರಿದಾಗ, ಬೆಟ್ಟದ ಮೇಲಿನ ಗಣಿಗಳಷ್ಟೇ ಅಲ್ಲ, ಬುಡದ ಪಟ್ಟಾ ಹೊಲಗಳೂ ಗಣಿಯಾದವು. ಜೋಳ, ಶೇಂಗಾ ಬೆಳೆಯುತ್ತಿದ್ದ ನೆಲವನ್ನು ಅಗೆದು ಮೇಲ್ಪದರದ ಅದಿರು ತೆಗೆದರು. ಕಳೆ ಕೀಳಲು ಕೂತಿದ್ದ ಹೆಂಗಸರೇ ಅದೇ ಹೊಲದಲ್ಲಿ ಅದಿರು ಒಡೆಯಲು ಕೂತರು, ಪಕ್ಕದಲ್ಲಿ ಶಾಲೆ ಬಿಟ್ಟ ಮಕ್ಕಳು. ನೆರಳಿಗೆಂದು ನಾಲ್ಕು ಕೋಲಿಗೆ ಸೀರೆ ಕಟ್ಟಿ, ಅದರಡಿ ಜೋಳಿಗೆಯಲ್ಲಿ ಕೂಸು. ಹೊಲದ ಕೂಲಿಗಿಂತ ಕೈಗೆ ಹೆಚ್ಚು ಬರುತ್ತಿತ್ತು ನಿಜ. ಅದರೊಂದಿಗೆ ಕೆಮ್ಮೂ ಬರುತ್ತಿತ್ತು.

ಕಾನೂನು ಆಗಲೂ ಇತ್ತು. ಗಂಡು ಹೆಣ್ಣಿಗೆ ಸಮಾನ ವೇತನದ ಕಾಯ್ದೆ 1976ರದು, ಹೆರಿಗೆ ಸೌಲಭ್ಯದ್ದು 1961ರದು. ಗಣಿಯಲ್ಲಿ ಹೆಂಗಸರಿದ್ದರೆ ಕೂಸಿನ ಮನೆ ಇರಬೇಕೆಂಬ ನಿಯಮವೂ ಹಳೆಯದೇ. ಇವೆಲ್ಲ ಕೂಲಿಕಾರರ ಸಂಘಗಳೂ ಮಹಿಳಾ ಸಂಘಟನೆಗಳೂ ಹೋರಾಡಿ ಪಡೆದವು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಕಾನೂನು. ಪಟ್ಟಾ ಹೊಲದಲ್ಲಿ ಕೂತವಳ ಹೆಸರು ಮೇಸ್ತ್ರಿಯ ಕಿಸೆಯ ಚೀಟಿಯಲ್ಲಷ್ಟೇ ಇರುತ್ತಿತ್ತು. ಗಂಡಾಳಿಗೊಂದು, ಹೆಣ್ಣಾಳಿಗೊಂದು ದರ ಎಂಬುದು ಮಳೆ ಬಿಸಿಲಿನಷ್ಟೇ ಸಹಜವೆಂದು ಎಲ್ಲರೂ ನಂಬಿದ್ದರು. 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದ ಮೇಲೆ ಕೆರೆ ಹೂಳೆತ್ತುವ ಕಡೆ ಇಬ್ಬರಿಗೂ ಒಂದೇ ದರವೆಂದು ಬರೆದದ್ದನ್ನು ಕಂಡು ಬೆರಗಾದವರಲ್ಲಿ ಹೆಂಗಸರೂ ಇದ್ದರು.

2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಅದೇ ದಿನಗಳಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನು ಜೆಸಿಬಿ ಕೆಡವಿತು. ಎರಡಕ್ಕೂ ಕಾರಣ ಬೇರೆ, ಸಮರ್ಥನೆಯೂ ಬೇರೆ. ಅಕ್ರಮ ಗಣಿ ನಿಲ್ಲಲೇಬೇಕಿತ್ತು ಎನ್ನುವವರಲ್ಲಿ ನಾನೂ ಒಬ್ಬ. ಆದರೂ ಒಂದೇ ಸೀಮೆಯ ಹೆಂಗಸರು ಒಂದೇ ವಾರದಲ್ಲಿ ಒಂದು ಕಡೆ ಪುಟ್ಟಿ, ಇನ್ನೊಂದು ಕಡೆ ಇಡ್ಲಿ ಪಾತ್ರೆ ಮಗುಚಿಟ್ಟು ಕೂತದ್ದನ್ನು ಯಾವ ವರದಿಯೂ ಒಟ್ಟಿಗೆ ಬರೆಯಲಿಲ್ಲ.

ಗಣಿ ಮತ್ತೆ ತೆರೆದಾಗ ಸುತ್ತಿಗೆಗೆ ಕೆಲಸವಿರಲಿಲ್ಲ. ಕ್ರಷರ್ ಒಡೆಯುತ್ತದೆ, ಸ್ಕ್ರೀನಿಂಗ್ ಪ್ಲಾಂಟ್ ಜರಡಿ ಹಿಡಿಯುತ್ತದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯತ್ತ ಕೊಳವೆಯಂಥ ಕನ್ವೇಯರ್ ಬೆಟ್ಟ ಹೊಲ ದಾಟಿ ಅದಿರು ಹೊತ್ತು ಸಾಗುತ್ತದೆ. 1952ರ ಗಣಿ ಕಾಯ್ದೆ ಸಂಜೆ ಏಳರಿಂದ ಬೆಳಗಿನ ಆರರವರೆಗೆ ಹೆಂಗಸರು ಗಣಿಯಲ್ಲಿ ದುಡಿಯಬಾರದೆಂದಿತ್ತು. 2019ರಲ್ಲಿ ಅದು ಸಡಿಲಗೊಂಡು, ಒಪ್ಪಿಗೆ ಬರೆದುಕೊಟ್ಟರೆ ರಾತ್ರಿ ಪಾಳಿಗೂ ಬರಬಹುದು ಎಂದಾಯಿತು. ಬಾಗಿಲು ತೆರೆಯುವ ಹೊತ್ತಿಗೆ ಒಳಗಿನ ಕೈಕೆಲಸವೇ ಖಾಲಿಯಾಗಿತ್ತು. ಹೊಸ ಪಾಳಿಗೆ ಹೋಗುವವರು ಐಟಿಐ, ಡಿಪ್ಲೊಮಾ ಓದಿದ ಹುಡುಗಿಯರು. ಅದಿರು ಒಡೆದವರ ಮೊಮ್ಮಕ್ಕಳಲ್ಲಿ ಕೆಲವರಾದರೂ ಅಲ್ಲಿಗೆ ತಲುಪಿದರೆ ಸಂತೋಷ.

ಸುತ್ತಿಗೆ ಬಿಟ್ಟ ಕೈ ಎಲ್ಲಿಗೆ ಹೋಯಿತೆಂದು ನೋಡಬೇಕಾದರೆ ಸುಶೀಲಾನಗರದಂಥ ಲಂಬಾಣಿ ತಾಂಡಾಕ್ಕೆ ಬರಬೇಕು.

ಲಂಬಾಣಿಗರು ಎತ್ತಿನ ಹಿಂಡಿನ ಮೇಲೆ ಉಪ್ಪು, ದವಸ ಹೇರಿಕೊಂಡು ದಕ್ಷಿಣೋತ್ತರ ಅಲೆದವರು. 1880ರ ದಶಕದಲ್ಲಿ ಬಳ್ಳಾರಿ, ಹೊಸಪೇಟೆ ದಾರಿಯಲ್ಲಿ ರೈಲು ಓಡತೊಡಗಿದ ಮೇಲೆ ಅವರ ಹೇರೆತ್ತಿಗೆ ಹೇರಿಲ್ಲದಾಯಿತು. ಗಾಯದ ಮೇಲೆ ಬರೆ ಎಂಬಂತೆ ಆ ಕಾಲದ ಸರ್ಕಾರ ಅವರಲ್ಲಿ ಹಲವರನ್ನು ಅಪರಾಧಿ ಬುಡಕಟ್ಟಿನ ಪಟ್ಟಿಗೆ ಸೇರಿಸಿತು. ಕಾಡು, ಗಣಿ, ಕಬ್ಬಿನ ಗದ್ದೆ ಎಂದು ಚದುರಿದ ಆ ಜನರ ಹೆಂಗಸರ ಮೈಮೇಲೆ ಮಾತ್ರ ಹಳೆಯ ದಾರಿ ಉಳಿದಿತ್ತು: ಪೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಯ ಮೇಲಿನ ಸೆರಗಿನ ತುಂಬ ಕನ್ನಡಿ, ಕವಡೆ, ನಾಣ್ಯ. ತೊಟ್ಟು ನಡೆದರೆ ಗಾಡಿಯೊಂದು ಬಂದಷ್ಟು ಸದ್ದು. ಈಗ ಅದನ್ನು ದಿನವೂ ಉಡುವವರು ಮುದುಕಿಯರಷ್ಟೆ. ಉಳಿದವರಿಗೆ ಅದು ತೀಜ್ ಹಬ್ಬದ, ಮದುವೆಯ, ಗಣ್ಯರ ಸ್ವಾಗತದ ಉಡುಗೆ.

ಅಂಗಳದ ಬೆಳಕಿನಲ್ಲಿ ಒಬ್ಬಾಕೆ ಗೋಡೆಗೊರಗಿ ಕೂತು ಬೆರಳುಗುರಿನಗಲದ ಕನ್ನಡಿಯೊಂದನ್ನು ಬಟ್ಟೆಗೆ ಕೂರಿಸುತ್ತಿದ್ದಾಳೆ. ಬಿಲ್ಲೆಯ ಮೇಲೆ ಎರಡೆಳೆ ಅಡ್ಡ, ಎರಡೆಳೆ ಉದ್ದ ಎಳೆದು ಚೌಕ ಕಟ್ಟುತ್ತಾಳೆ. ಆ ಎಳೆಗಳಡಿ ಸೂಜಿ ತೂರಿಸಿ, ಬಟ್ಟೆ ಕಚ್ಚಿ, ಸುತ್ತ ಬರುತ್ತಾಳೆ. ಎಳೆ ಹೊರಗೆ ಸರಿದಂತೆ ಚೌಕ ದುಂಡಗಾಗಿ ಕನ್ನಡಿ ಕಣ್ಣು ಬಿಡುತ್ತದೆ. ಗೆರೆಯಿಲ್ಲ, ಅಳತೆಯಿಲ್ಲ. ಕಿಲನ್, ವೇಲೆ, ಬಕ್ಯಾ, ಮಾಕಿ, ರೇಲೋ, ಗದ್ರಿ, ಹೀಗೆ ಹದಿನಾಲ್ಕು ಬಗೆಯ ಹೊಲಿಗೆಗೆ ಆಕೆಯ ಬಾಯಲ್ಲಿ ಹೆಸರಿದೆ. ತೋರುಬೆರಳ ತುದಿ ಗಟ್ಟಿಕಟ್ಟಿದೆ. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದೆ, ಅದೂ ಕಸೂತಿಯ ಕೆಂಪು ದಾರವೇ. "ಯಾಡಿ, ಚಾ" ಎಂದು ಮಗಳು ಒಳಗಿನಿಂದ ಕೂಗಿದರೂ ಸುತ್ತು ಮುಗಿಯುವ ತನಕ ತಲೆಯೆತ್ತುವುದಿಲ್ಲ.

ತನಗಾಗಿ ಹೊಲಿಯುತ್ತಿದ್ದ ಈ ಕಸೂತಿ ಕೂಲಿಯ ಕೆಲಸವಾದದ್ದು 1980ರ ದಶಕದಲ್ಲಿ, ಸಂಡೂರು ಕುಶಲಕಲಾ ಕೇಂದ್ರ ಬಂದ ಮೇಲೆ. ಅದಕ್ಕೆ ಆಸರೆಯಾದದ್ದು 1954ರಲ್ಲಿ ಹುಟ್ಟಿದ ಸಂಡೂರು ಮ್ಯಾಂಗನೀಸ್ ಕಂಪನಿ, ಅಂದರೆ ಘೋರ್ಪಡೆ ರಾಜಮನೆತನ. ಗಣಿಯೂ ಅವರದು, ಕಸೂತಿಗೆ ನೆರಳೂ ಅವರದು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂದಾಗ ಆ ಖಾತೆಯ ಮಂತ್ರಿಯೂ ಅದೇ ಮನೆಯ ಎಂ. ವೈ. ಘೋರ್ಪಡೆ. ಹೆಂಗಸರಿಗೆ ಮೂರರಲ್ಲೊಂದು, 2010ರ ನಂತರ ಅರ್ಧದಷ್ಟು ಸ್ಥಾನ ದಕ್ಕಿದ್ದರಿಂದ ತಾಂಡಾದವಳೂ ಅಧ್ಯಕ್ಷೆಯಾಗುವಂತಾಯಿತು. ಮೊದಮೊದಲು ಪಕ್ಕದ ಕುರ್ಚಿಯಲ್ಲಿ "ಅಧ್ಯಕ್ಷರ ಯಜಮಾನರು" ಕೂತು ಮಾತಾಡುತ್ತಿದ್ದರು. ಕೆಲವು ಕಡೆ ಈಗಲೂ ಕೂರುತ್ತಾರೆ. ಆದರೆ ನಲ್ಲಿಯಲ್ಲಿ ಯಾವ ಓಣಿಗೆ ಎಷ್ಟು ಹೊತ್ತು ನೀರು ಬರುತ್ತದೆಂಬ ಲೆಕ್ಕ ಆ ಯಜಮಾನರಿಗೆ ಬಾರದು, ಅಲ್ಲಿ ಅಧ್ಯಕ್ಷೆಯೇ ಬಾಯಿ ತೆರೆಯಬೇಕು.

ಕಸೂತಿಯ ಹಣ ಬ್ಯಾಂಕಿನ ಖಾತೆಗೆ, ಆಕೆಯ ಹೆಸರಿಗೇ ಬರುತ್ತದೆ. ಇದು ಸಣ್ಣದಲ್ಲ. ಆದರೆ ಕೂಲಿ ಪೀಸಿನ ಲೆಕ್ಕ, ಗಂಟೆಯ ಲೆಕ್ಕವಲ್ಲ. ಒಲೆ, ನೀರು, ದನ, ಮೊಮ್ಮಗುವಿನ ನಡುವೆ ಕದ್ದ ಹೊತ್ತಿಗೆ ಯಾರೂ ಬೆಲೆ ಕಟ್ಟಿಲ್ಲ. 2023ರ ಜುಲೈನಲ್ಲಿ ಜಿ-20 ಸಭೆಗೆಂದು ಹಂಪಿಯ ಎದುರು ಬಸವಣ್ಣನ ಬಳಿ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ 1,755 ಕಸೂತಿಗಳನ್ನು ಹರಡಿ ಗಿನ್ನೆಸ್ ದಾಖಲೆ ಮಾಡಿದರು. ದೇಶವೆಲ್ಲ ಕೊಂಡಾಡಿತು. ಹಂಪಿಗೆ ಹೆಂಗಸರನ್ನು ಕೊಂಡಾಡುವುದು ಹೊಸತಲ್ಲ: ಅರಮನೆಯೊಳಗೆ ಲೆಕ್ಕ ಬರೆಯುವ, ಕುಸ್ತಿ ಆಡುವ ಹೆಂಗಸರಿದ್ದರೆಂದು 16ನೇ ಶತಮಾನದ ಪೋರ್ಚುಗೀಸ್ ಪ್ರವಾಸಿ ನುನಿಜ್ ಬರೆದದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಬಜಾರಿಗೆ ಅಕ್ಕಿ ಹೊತ್ತು ತಂದವಳ ಸುದ್ದಿ ಅಲ್ಲಿ ಸಿಗದು.

ಈ ಸೀಮೆಯಲ್ಲಿ ಕಾಯ್ದೆ ನಡೆದುಬರುವ ವೇಗ ತಿಳಿಯಬೇಕಾದರೆ ಮುತ್ತು ಕಟ್ಟಿಸಿಕೊಂಡ ದೇವದಾಸಿಯರನ್ನು ನೋಡಬೇಕು. ಬಳ್ಳಾರಿ ಜಿಲ್ಲೆ 1953ರವರೆಗೆ ಮದರಾಸು ಪ್ರಾಂತದಲ್ಲಿತ್ತು. ಮುತ್ತುಲಕ್ಷ್ಮಿ ರೆಡ್ಡಿಯವರ ಹೋರಾಟದ ಫಲವಾಗಿ ಬಂದ 1947ರ ದೇವದಾಸಿ ನಿಷೇಧ ಇಲ್ಲಿಗೂ ಅನ್ವಯಿಸಿತ್ತು. ಆಮೇಲೂ 1982ರಲ್ಲಿ ಕರ್ನಾಟಕ ಇನ್ನೊಂದು ಕಾಯ್ದೆ ಮಾಡಬೇಕಾಯಿತು. ಮಾಜಿ ದೇವದಾಸಿಯರು ತಾವೇ ಸಂಘ ಕಟ್ಟಿಕೊಂಡು ಮಾಸಾಶನಕ್ಕೆ, ಮನೆಗೆ, ಮಕ್ಕಳ ಶಾಲೆಗೆ ಧರಣಿ ಕೂತ ಮೇಲಷ್ಟೇ ಕಾಗದ ಅಲುಗಾಡಿದ್ದು.

ಈ ಕೆಂಪು ಬೆಟ್ಟಗಳಿಂದ ಕಂಪ್ಲಿಯ ಕಡೆ ಇಳಿದರೆ ಬಣ್ಣವೇ ಬೇರೆ. ವಿಜಯನಗರದ ಕಾಲದ ಕಾಲುವೆಗಳಲ್ಲಿ ನೀರು, ಗದ್ದೆಯಲ್ಲಿ ಭತ್ತದ ನಾಟಿ. ಟಾಟಾ ಏಸ್‌ನಲ್ಲಿ ನಿಂತು ಬಂದ ಹೆಂಗಸರ ಗುಂಪು ದಿನಗೂಲಿಗೆ ಒಪ್ಪುವುದಿಲ್ಲ, ಎಕರೆಗಿಷ್ಟು ಎಂದು ಗುತ್ತಿಗೆ. ಬದುವಿನ ಮೇಲೆ ಚೌಕಾಸಿ ನಡೆದಿದೆ.

"ಇಷ್ಟು ಕೇಳಿದ್ರ ನಾಟಿ ಮಿಷನ್ ತರಿಸ್ತೀನಿ ನೋಡವ್ವಾ."

"ತರಿಸ್ರಿ ಗೌಡ್ರ. ಮಿಷನ್ನಿಗೆ ಬೇರೆ ಸಸಿಮಡಿ ಬೇಕು, ನೀವು ಹಾಕೀರೇನು? ಮೂಲಿ ಮೂಲಿ ಬಿಟ್ಟು ಹೋಗತೈತಿ, ಅದನ್ನ ಹಚ್ಚಾಕ ಮತ್ತ ನಮಗ ಫೋನ್ ಮಾಡ್ತೀರಿ. ಆಗ ರೇಟು ಇದಲ್ಲ."

ಗೌಡರು ಫೋನ್ ತೆಗೆದು ಯಾರಿಗೋ ಹಚ್ಚಿದರು. ಆ ಕಡೆಯಿಂದ ಮಿಷನ್ನು ಇನ್ನು ನಾಲ್ಕು ದಿನ ಬರುವುದಿಲ್ಲವೆಂದು ಕೇಳಿಸಿತು. ಎಕರೆಗೆ ಇನ್ನೂರು ಕಡಿಮೆ ಮಾಡಿಕೊಂಡು, ಮಧ್ಯಾಹ್ನದ ಚಹಾ ಗೌಡರದೇ ಎಂದು ಒಪ್ಪಿಸಿಕೊಂಡು, ಹೆಂಗಸರು ಸೀರೆ ಎತ್ತಿಕಟ್ಟಿ ಗದ್ದೆಗಿಳಿದರು.