ಹದಿನಾರು ಕೆರೆಯ ಬಾತುಗಳು ಯಾರ ನೆಂಟರು?

ಹೊತ್ತು ಮುಳುಗುವಾಗ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಯ ಏರಿ ಮೇಲೆ ನಿಂತಿದ್ದೆ. ನೀರಿನಂಚಿನಲ್ಲಿ ಬೂದಿ ಮುದ್ದೆಗಳಂತೆ ಕೂತಿದ್ದ ಪಟ್ಟೆತಲೆ ಹೆಬ್ಬಾತುಗಳು ಒಂದೊಂದಾಗಿ ಕತ್ತೆತ್ತಿದವು. ಬಿಳಿ ನೆತ್ತಿಯ ಹಿಂದೆ ಎರಡು ಕಪ್ಪು ಗೆರೆ, ಕಾಡಿಗೆ ಬೆರಳು ಒರೆಸಿದ ಹಾಗೆ. ನೋಡನೋಡುತ್ತ ಹಿಂಡಿಗೆ ಹಿಂಡೇ ಗದ್ದಲವೆಬ್ಬಿಸಿ ಬಯಲಿನತ್ತ ಹಾರಿತು. ಹಗಲು ಕೆರೆಯಲ್ಲಿ ವಿಶ್ರಾಂತಿ, ರಾತ್ರಿ ಹೊಲದಲ್ಲಿ ಮೇವು.

ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡುವ ಈ ಹಕ್ಕಿ ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಬಾತುಗಳು ಈ ಕೆರೆಯಲ್ಲೂ ಕಂಡಿವೆ. ಅಂಥದೊಂದನ್ನು ಕಾಣುವ ಆಸೆಗೆ ಬಿದ್ದು ಹಿಂಡು ಹಾರುವ ತನಕ ಒಂದೊಂದೇ ಕುತ್ತಿಗೆಗೆ ದುರ್ಬೀನು ಹಿಡಿದಿದ್ದೆ. ಪಟ್ಟಿ ಕಾಣಲಿಲ್ಲ, ಕುತ್ತಿಗೆ ನೋವು ನನ್ನದಾಯಿತು!

ಅಷ್ಟು ದೂರದ ನೆಂಟನಿಗೆ ಊಟ ಹಾಕುವವನು ನಂಜನಗೂಡು ತಾಲ್ಲೂಕಿನ ರೈತ. ಕೆರೆ ಮಾತ್ರ ಪಹಣಿಯಲ್ಲಿ ಸರ್ಕಾರದ್ದು. ಹಿಂದೆ ಹೀಗಿರಲಿಲ್ಲ. ಪಕ್ಕದ ತಿ. ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಆಳಿದ ಗಂಗರ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಬರುತ್ತದೆ: ಕೆರೆ ಕಟ್ಟಿಸಿ ಕಾಪಾಡುವವನಿಗೆ ಅದರ ನೀರುಂಬ ಭೂಮಿಯಲ್ಲೇ ಪಾಲು. ತೂಬು ಕೆಟ್ಟರೆ ಅವನ ಗದ್ದೆಯೇ ಒಣಗುತ್ತಿತ್ತು. ಇದಕ್ಕಿಂತ ಗಟ್ಟಿಯಾದ ನಿರ್ವಹಣಾ ಸಮಿತಿ ಬೇಕೆ? ಈಗ ಕಾಗದಕ್ಕೇನೂ ಬರವಿಲ್ಲ. ಕೆರೆಯಂತೆ ಊರೊಟ್ಟಿನದೇ ಆದ ಗೋಮಾಳವನ್ನು ನೂರು ಜಾನುವಾರಿಗೆ 12 ಹೆಕ್ಟೇರಿನಂತೆ ಬಿಡಬೇಕೆಂದು 1966ರ ಭೂಕಂದಾಯ ನಿಯಮವಿದೆ. ಊರೊಟ್ಟಿನ ಜಮೀನಿನ ಒತ್ತುವರಿ ತೆರವು ಮಾಡಿಸಿ ಎಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು.

ಆದರೆ ಹಕ್ಕು ಕಾಗದ ದಾಟಿ ಊರವರ ಕೈಗೆ ಬಂದದ್ದನ್ನು ನೋಡಬೇಕಾದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅರಣ್ಯ ಹಕ್ಕು ಕಾಯ್ದೆಯಡಿ 2011ರ ಅಕ್ಟೋಬರಿನಲ್ಲಿ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಅದು ಮೊದಲು. ಕಾಡು ನೋಡಿಕೊಳ್ಳುವ ಅರಿವೂ ಅವರಲ್ಲಿದೆ. ನೆಲ್ಲಿ ಮರವನ್ನು ಹಿಂಡುವ ಬಂದಳಿಕೆಗೆ ಸೋಲಿಗರು ‘ಉಪ್ಪಿಲು’ ಎನ್ನುತ್ತಾರೆ. ಹಿಂದೆ ತಾವು ಹಚ್ಚುತ್ತಿದ್ದ ‘ತರಗು ಬೆಂಕಿ’ಯೇ ಉಪ್ಪಿಲನ್ನೂ ಲಂಟಾನವನ್ನೂ ಹದ್ದುಬಸ್ತಿನಲ್ಲಿಟ್ಟಿತ್ತು, ಬೆಂಕಿ ನಿಷೇಧವಾದ ಮೇಲೆ ಎರಡೂ ಹಬ್ಬಿದವು ಎಂಬುದು ಅವರ ವಾದ. ಸಂಶೋಧಕರೂ ಅದನ್ನು ತಳ್ಳಿಹಾಕಿಲ್ಲ.

ಊರವರೆಲ್ಲ ಸಾಧುಗಳೆಂದು ನಾನು ನಂಬಿಲ್ಲ. ಗೋಮಾಳಕ್ಕೆ ಬೇಲಿ ಸುತ್ತುವವನೂ ಊರವನೇ. ಆದರೆ ಅವನನ್ನು ಎದುರು ನಿಂತು ಕೇಳಬಲ್ಲವನು ಹಕ್ಕುಳ್ಳ ನೆರೆಯವನೇ ಹೊರತು ದೂರದ ಕಚೇರಿಯ ಕಡತವಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮೂರ ಕೆರೆಯ ಸರ್ವೆ ನಂಬರು, ವಿಸ್ತೀರ್ಣ ಕೇಳಿ ಬರೆಸಿಕೊಳ್ಳಿ. ಬೇಸಿಗೆ ಬಲಿಯುವ ಹೊತ್ತಿಗೆ ಬಾತುಗಳು ಹೊರಟುಹೋಗುತ್ತವೆ. ಮತ್ತೆ ಬರುವಾಗ ಕೆರೆ ಅಷ್ಟೇ ಅಗಲ ಇರಲಿ.