ನಮ್ಮ ಟೀಮಿನ ಅತಿ ಕೆಟ್ಟ ಸೈನಿಂಗ್ ಯಾರು?

ಹಾಸ್ಟೆಲಿನಲ್ಲಿ ಕರೆಂಟ್ ಹೋದರೆ ಎರಡೇ ಕೆಲಸ. ಒಂದು, ನಾಳೆಯ ಇಂಟರ್ನಲ್ಸ್‌ಗೆ ಓದಲು ಆಗಲಿಲ್ಲ ಎಂದು ನೆಮ್ಮದಿಯ ನಿಟ್ಟುಸಿರು ಬಿಡುವುದು. ಎರಡು, ಕಾರಿಡಾರಿನಲ್ಲಿ ಕೂತು ಜಗಳ ತೆಗೆಯುವುದು. ಮೊನ್ನೆ ಜೋರು ಮಳೆಯ ರಾತ್ರಿ ನಾವು ಆರು ಜನ ಎರಡನ್ನೂ ಒಟ್ಟಿಗೆ ಮಾಡಿದೆವು. ಜಗಳದ ವಿಷಯ: ಬೆಂಗಳೂರು ಎಫ್‌ಸಿ ಇಲ್ಲಿಯವರೆಗೆ ಕರೆತಂದ ಅತಿ ಕೆಟ್ಟ ಆಟಗಾರ ಯಾರು?

ಮಂಗಳೂರಿನಲ್ಲಿ ಕೂತು ಬೆಂಗಳೂರಿನ ಕ್ಲಬ್‌ಗೆ ಜೈ ಎನ್ನುವುದು ಸುಲಭವಲ್ಲ ಮಾರಾಯ್ರೆ. ಕಂಠೀರವದಲ್ಲಿ ಒಂದು ಮ್ಯಾಚ್ ನೋಡಬೇಕೆಂದರೆ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಬೇಕು. ಈಚೆ ಕಡೆ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಕಾಸರಗೋಡು. ಅಲ್ಲಿಂದ ನಮ್ಮ ಹಾಸ್ಟೆಲಿಗೆ ಬಂದವರೆಲ್ಲ ಹಳದಿ ಜೆರ್ಸಿಯ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳು. ನೀಲಿ ಜೆರ್ಸಿಯ ನಾವು ಇಲ್ಲಿ ಅಲ್ಪಸಂಖ್ಯಾತರು. 2023ರ ಮಾರ್ಚ್ 3ರಂದು ಚೆಟ್ರಿ ಹೊಡೆದ ಆ ಫ್ರೀ ಕಿಕ್, ಬ್ಲಾಸ್ಟರ್ಸ್ ಅಂಗಳ ಬಿಟ್ಟು ಹೊರಟಿದ್ದು ನೆನಪು ಮಾಡಿದರೆ ಇಂದಿಗೂ ಅರ್ಧ ಕಾರಿಡಾರ್ ನಮ್ಮ ಜೊತೆ ಮಾತು ಬಿಡುತ್ತದೆ.

ಅದಕ್ಕೇ ಆವತ್ತು ಮೊದಲೇ ನಿಯಮ ಮಾಡಿಕೊಂಡೆವು. ಮೊದಲು ಸ್ವಂತ ಟೀಮನ್ನು ಬೈಯಬೇಕು, ಆಮೇಲೆ ಬೇರೆಯವರದ್ದು. ವರ್ಷ ಹೇಳಬೇಕು. ಗೂಗಲ್ ನೋಡಬಹುದು, ಆದರೆ ನೋಡಿದ್ದನ್ನು ಮುಚ್ಚಿಡಬಾರದು.

‘ಮಾನುಯೆಲ್ ಒನ್ವು. 2019. ಕೇಸ್ ಕ್ಲೋಸ್’ ಎಂದ ನನ್ನ ರೂಮ್‌ಮೇಟ್.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2013ರಲ್ಲಿ ಹುಟ್ಟಿದ ಕ್ಲಬ್ ನಮ್ಮದು. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಐಎಸ್‌ಎಲ್‌ಗೆ ಬಂದ ಮೇಲೆ ನಮಗೆ ಸಿಕ್ಕಿದ್ದು ವೆನೆಜುವೆಲಾದ ಮಿಕು. 2017-18ರಲ್ಲಿ ಆತ ಒಬ್ಬನೇ ಹೊಡೆದದ್ದು 15 ಗೋಲು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಗೋಲು ಬಾರಿಸಿದಾಗ ಎಂಟನೇ ಕ್ಲಾಸಿನ ನಾನು ಪರೀಕ್ಷೆ ಮರೆತು ಕುಣಿದಿದ್ದೆ. ಕಪ್ ಬಂತು, ಮಿಕು ಹೋದ. ಮಿಕು ಹೋದ ಜಾಗಕ್ಕೆ ಸ್ಪೇನ್‌ನಿಂದ ಬಂದವನೇ ಒನ್ವು. ಐಎಸ್‌ಎಲ್‌ನಲ್ಲಿ ನಮಗಾಗಿ ಆತ ಒಂದೇ ಒಂದು ಗೋಲು ಹೊಡೆಯಲಿಲ್ಲ. ಆಗ ಒಂದು ತಂಡ ಒಮ್ಮೆಗೆ ಅಂಗಳಕ್ಕೆ ಇಳಿಸಬಹುದಾದ ವಿದೇಶಿಯರು ಐದೇ ಜನ. ಅದರಲ್ಲಿ ಗೋಲು ಹೊಡೆಯಬೇಕಾದವನೇ ಸುಮ್ಮನೆ ಓಡಿಕೊಂಡಿದ್ದರೆ ಅಭಿಮಾನಿಯ ಹೊಟ್ಟೆ ಉರಿಯದೆ ಇರುತ್ತದೆಯೇ?

ಕೇಸ್ ಕ್ಲೋಸ್ ಆಗುತ್ತಿತ್ತು. ಅಷ್ಟರಲ್ಲಿ ಕಾಸರಗೋಡಿನ ಗೆಳೆಯ ಬಾಯಿ ತೆರೆದ. ‘ನಿಲ್ಲು ಮಾರಾಯ. ಅದೇ ಸೀಸನ್‌ನಲ್ಲಿ ಅವನು ನಮಗೆ ಹ್ಯಾಟ್ರಿಕ್ ಹೊಡೆದಿದ್ದಾನೆ.’

ನಿಜ. 2020ರಲ್ಲಿ ಒನ್ವು ಲೋನ್ ಮೇಲೆ ಒಡಿಶಾ ಎಫ್‌ಸಿಗೆ ಹೋದ. ಅಲ್ಲಿ ನಾಲ್ಕು ಪಂದ್ಯಗಳಲ್ಲಿ 7 ಗೋಲು! ಬ್ಲಾಸ್ಟರ್ಸ್ ವಿರುದ್ಧ 4-4ರಲ್ಲಿ ಮುಗಿದ ಪಂದ್ಯದಲ್ಲಿ ಮೂರು ಗೋಲು ಅವನದೇ. ಕಾಲು ಅದೇ, ಬೂಟು ಅದೇ, ದೇಶವೂ ಅದೇ. ಬದಲಾಗಿದ್ದು ಜೆರ್ಸಿ ಮಾತ್ರ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಖುಷಿಯಾದ ಒಡಿಶಾ ಮರುವರ್ಷವೂ ಅವನನ್ನು ಕರೆಸಿಕೊಂಡಿತು. ಆ ಸೀಸನ್‌ನಲ್ಲಿ ಒಡಿಶಾ ಪಟ್ಟಿಯ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು.

‘ಹಾಗಾದರೆ ಡೆಶಾರ್ನ್ ಬ್ರೌನ್?’ ಎಂದ ಮೂರನೆಯವ. ಒನ್ವು ಲೆಕ್ಕ ಸರಿಪಡಿಸಲು 2020ರ ಜನವರಿಯಲ್ಲಿ ಬಂದ ಜಮೈಕಾದ ಸ್ಟ್ರೈಕರ್. ಇವನ ಮೇಲೆ ನಾನೂ ಬೇಕಾದಷ್ಟು ಬೈದಿದ್ದೇನೆ. ಆದರೆ ನಿಯಮದ ಪ್ರಕಾರ ಗೂಗಲ್ ಮಾಡಿದರೆ ನಾಚಿಕೆಯಾಯಿತು. ಆ ಫೆಬ್ರುವರಿಯಲ್ಲಿ ಎಎಫ್‌ಸಿ ಕಪ್‌ನಲ್ಲಿ ಭೂತಾನಿನ ಪಾರೊ ಎಫ್‌ಸಿಯನ್ನು 9-1ರಿಂದ ಹೊಡೆದೆವಲ್ಲ, ಅದರಲ್ಲಿ ಮೂರು ಗೋಲು ಬ್ರೌನ್‌ನದು. ಎಟಿಕೆ ವಿರುದ್ಧದ ಸೆಮಿಫೈನಲ್ ಮೊದಲ ಲೆಗ್ ನಾವು 1-0ಯಿಂದ ಗೆದ್ದದ್ದೂ ಅವನ ಗೋಲಿನಿಂದಲೇ. ಎರಡನೇ ಲೆಗ್‌ನಲ್ಲಿ 3-1ರಿಂದ ಸೋತು ಹೊರಬಿದ್ದೆವು. ನಮ್ಮ ತಲೆಯಲ್ಲಿ ಉಳಿದದ್ದು ಆ ಸೋಲು ಮಾತ್ರ. ಮುಂದಿನ ಸೀಸನ್‌ನಲ್ಲಿ ನಾವು ಏಳನೇ ಸ್ಥಾನಕ್ಕೆ ಕುಸಿದೆವು. ಕಪ್ ಗೆದ್ದುಕೊಟ್ಟ ಕೋಚ್ ಕಾರ್ಲೆಸ್ ಕ್ವಾದ್ರಾತ್ ಸೀಸನ್ ಮಧ್ಯೆಯೇ ಹೋದರು. ಬ್ರೌನ್ ಕೂಡ ಮಧ್ಯೆಯೇ ನಾರ್ತ್ ಈಸ್ಟ್ ಯುನೈಟೆಡ್‌ಗೆ ಹೋಗಿ, ಅಲ್ಲಿ ಗೋಲು ಹೊಡೆದ. ಆ ತಂಡ ಸೆಮಿಫೈನಲ್ ಆಡಿತು.

ಈಗ ಬ್ಲಾಸ್ಟರ್ಸ್‌ನವರ ಸರದಿ. ‘ಬರ್ಬಟೋವ್’ ಎಂದು ಕಾಸರಗೋಡಿನವ ತಾನಾಗಿಯೇ ತಲೆ ತಗ್ಗಿಸಿದ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿದ್ದಾಗ 2010-11ರಲ್ಲಿ ಪ್ರೀಮಿಯರ್ ಲೀಗ್‌ನ ಅತಿ ಹೆಚ್ಚು ಗೋಲುಗಳ ಗೌರವ ಹಂಚಿಕೊಂಡವ. 2017ರಲ್ಲಿ ಕೊಚ್ಚಿಗೆ ಬರುತ್ತಾನೆ ಎಂದಾಗ ಇವರೆಲ್ಲ ಅರ್ಧ ಕಪ್ ಗೆದ್ದಂತೆ ಆಡಿದ್ದರು. ಸಿಕ್ಕಿದ್ದು ಒಂಬತ್ತು ಪಂದ್ಯಗಳಲ್ಲಿ ಒಂದು ಗೋಲು. ಹೋಗುವಾಗ, ಸ್ಟ್ರೈಕರ್‌ನ ಎದೆಗೆ ಚೆಂಡು ಎತ್ತಿ ಹಾಕುವ ತಂತ್ರವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಂಗಿಸಿ ಬರೆದು ಹೋದ. ‘ನಾವು ಆಟಗಾರನನ್ನು ತಂದದ್ದಲ್ಲ, ಪೋಸ್ಟರ್ ತಂದದ್ದು’ ಎಂದ ಗೆಳೆಯ. ಆ ಕತ್ತಲಲ್ಲಿ ಅವನ ಮೇಲೆ ಮೊದಲ ಬಾರಿ ಪ್ರೀತಿ ಉಕ್ಕಿತು.

ಜಗಳ ಅಲ್ಲಿಗೆ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆದರೆ ನಮ್ಮಲ್ಲೊಬ್ಬ ಮ್ಯಾಂಚೆಸ್ಟರ್ ಯುನೈಟೆಡ್ ಭಕ್ತ ಇದ್ದಾನೆ. ಅವನ ಹತ್ತಿರ ಕೆಟ್ಟ ಸೈನಿಂಗ್‌ಗಳ ಸ್ಟಾಕ್ ಯಾವತ್ತೂ ಮುಗಿಯುವುದಿಲ್ಲ. ‘2010ರ ಬೆಬೆ ಕೇಳಿದ್ದೀರಾ? 74 ಲಕ್ಷ ಪೌಂಡ್ ಕೊಟ್ಟು ತಂದದ್ದು. ಅವನು ಆಡುವುದನ್ನು ಫರ್ಗುಸನ್ ಒಮ್ಮೆಯೂ ನೋಡಿರಲಿಲ್ಲ, ವಿಡಿಯೊದಲ್ಲಿ ಕೂಡ! ಯಾರೋ ಒಳ್ಳೆಯವನು ಎಂದರು, ತಗೊಂಡರು.’

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆಂದರೆ ಆಡುವುದನ್ನು ಸರಿಯಾಗಿ ನೋಡದೆ ಆಟಗಾರನನ್ನು ಆರಿಸಿದ ಇನ್ನೊಬ್ಬ ಮಹಾನುಭಾವ ಅದೇ ಕಾರಿಡಾರಿನಲ್ಲಿ ಕೂತಿದ್ದ. ಅದು ನಾನೇ.

ಹದಿನೈದು ಸೆಕೆಂಡಿನ ರೀಲ್

ಕಳೆದ ವರ್ಷದ ಮಳೆಗಾಲ. ಕಾಲೇಜಿನಲ್ಲಿ ಬ್ರಾಂಚುಗಳ ನಡುವೆ ಫುಟ್‌ಬಾಲ್ ಟೂರ್ನಿ. ನಮ್ಮ ಬ್ರಾಂಚಿನ ಟೀಮ್ ಕಟ್ಟುವ ಜವಾಬ್ದಾರಿ ನನ್ನದು. ಆಟ ಅಷ್ಟಕ್ಕಷ್ಟೇ, ಆದರೆ ಫಾರ್ಮ್ ತುಂಬುವುದು, ಜೆರ್ಸಿಗೆ ದುಡ್ಡು ಒಟ್ಟು ಮಾಡುವುದರಲ್ಲಿ ಎತ್ತಿದ ಕೈ. ಸ್ಟ್ರೈಕರ್ ಬೇಕಿತ್ತು. ಆಗ ಯಾರೋ ಒಬ್ಬ ಜೂನಿಯರ್‌ನ ರೀಲ್ ಕಳುಹಿಸಿದರು. ಹದಿನೈದು ಸೆಕೆಂಡ್. ಟರ್ಫ್ ಮೇಲೆ ಎಡಬದಿಯಿಂದ ಇಬ್ಬರನ್ನು ತಪ್ಪಿಸಿ ಒಳಗೆ ನುಗ್ಗಿ ಮೂಲೆಗೆ ಗೋಲು. ಹಿನ್ನೆಲೆಯಲ್ಲಿ ಜೋರು ಮ್ಯೂಸಿಕ್. ನಾನು ನಾಲ್ಕು ಸಲ ನೋಡಿದೆ. ಸಂಜೆಯೇ ಅವನ ಹೆಸರು ಬರೆದೆ, ಎರಡು ವರ್ಷದಿಂದ ಆಡುತ್ತಿದ್ದ ಸೀನಿಯರ್ ಒಬ್ಬರನ್ನು ಹೊರಗೆ ಕೂರಿಸಿದೆ. ಗ್ರೂಪಿನಲ್ಲಿ ‘ನಮ್ಮ ಹೊಸ ನಂಬರ್ 9’ ಎಂದು ಪೋಸ್ಟರ್ ಕೂಡ ಹಾಕಿದೆ.

ಮ್ಯಾಚ್ ದಿನ ಅಂಗಳ ಗದ್ದೆಯಾಗಿತ್ತು. ಚೆಂಡು ಬಿದ್ದಲ್ಲೇ ಅಂಟುತ್ತಿತ್ತು. ನಾವು ಮಾಡಿದ ಪ್ಲಾನ್ ಒಂದೇ. ಹಿಂದಿನಿಂದ ಉದ್ದಕ್ಕೆ ಒದೆಯುವುದು, ಅವನು ಗೋಲ್‌ಗೆ ಬೆನ್ನು ಹಾಕಿ ನಿಂತು ಚೆಂಡು ಹಿಡಿಯುವುದು. ಅವನಿಗಿಂತ ಒಂದು ಅಡಿ ಎತ್ತರದ ಇಬ್ಬರು ಡಿಫೆಂಡರ್‌ಗಳು ಅವನನ್ನು ಸ್ಯಾಂಡ್‌ವಿಚ್ ಮಾಡಿಟ್ಟರು. ಸಿಕ್ಕಿದ ಎರಡು ಅವಕಾಶವೂ ಹೋಯಿತು. ಕೊನೆಗೆ ಸಿಕ್ಕ ಪೆನಾಲ್ಟಿಯಲ್ಲಿ ನಿಂತ ಕಾಲು ಜಾರಿತು, ಚೆಂಡು ಕಂಬದ ಮೇಲೆ ಹಾರಿ ಹೋಯಿತು, ಅವನು ಕೆಸರಿನಲ್ಲಿ ಕೂತ. 1-0ಯಿಂದ ಸೋತೆವು.

ಕೆಸರಿನಲ್ಲಿ ಕೂತ ಆ ಕ್ಷಣವನ್ನು ಯಾರೋ ಫೋಟೊ ತೆಗೆದಿದ್ದರು. ರಾತ್ರಿಯೊಳಗೆ ವಾಟ್ಸ್ಆ್ಯಪ್ ಸ್ಟಿಕರ್ ಆಯಿತು. ಯಾರಿಗಾದರೂ ಲ್ಯಾಬ್‌ನಲ್ಲಿ ಔಟ್‌ಪುಟ್ ಬರದಿದ್ದರೆ ಆ ಸ್ಟಿಕರ್. ಬ್ಯಾಕ್ ಬಂದರೆ ಆ ಸ್ಟಿಕರ್. ‘ಬ್ರಾಂಚ್ ಇತಿಹಾಸದ ಅತಿ ಕೆಟ್ಟ ಸೈನಿಂಗ್’ ಎಂದು ಅದಕ್ಕೆ ಹೆಸರು. ನಾನೂ ಮೂರು ಗ್ರೂಪಿಗೆ ಕಳುಹಿಸಿದೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಸಮಾಧಾನವೇ ಆಯಿತು. ಎಲ್ಲರೂ ಅವನನ್ನು ನೋಡಿ ನಗುತ್ತಿರುವಷ್ಟು ಹೊತ್ತು ‘ಇವನನ್ನು ತಂದವರು ಯಾರು?’ ಎಂದು ಕೇಳುವವರು ಇರಲಿಲ್ಲ. ಎರಡು ದಿನ ಬಿಟ್ಟು ಅವನು ಗ್ರೂಪಿನಿಂದ ಲೆಫ್ಟ್ ಆದ. ಸಂಜೆ ಅಂಗಳಕ್ಕೆ ಬರುವುದನ್ನೂ ಬಿಟ್ಟ.

ಮಳೆ ಕಡಿಮೆಯಾದ ಮೇಲೆ ಒಂದು ಭಾನುವಾರ ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ ಇಳಿದು ಹಂಪನಕಟ್ಟೆ ಕಡೆ ನಡೆಯುತ್ತಿದ್ದೆ. ನೆಹರೂ ಮೈದಾನದಲ್ಲಿ ಯಾವುದೋ ಹುಡುಗರ ಆಟ ನಡೆಯುತ್ತಿತ್ತು. ಎಡಬದಿಯ ಗೆರೆ ಪಕ್ಕ ಒಬ್ಬ ಗಾಳಿಯ ಹಾಗೆ ಓಡುತ್ತಿದ್ದ. ಅವನೇ. ಅಲ್ಲಿ ಯಾರೂ ಅವನಿಗೆ ಬೆನ್ನು ಹಾಕಿ ನಿಲ್ಲಲು ಹೇಳಿರಲಿಲ್ಲ. ಚೆಂಡು ಕಾಲಿಗೆ ಬರುತ್ತಿತ್ತು, ಮುಂದೆ ಜಾಗ ಇತ್ತು, ಅವನು ಹಾರುತ್ತಿದ್ದ. ಅರ್ಧ ಗಂಟೆ ನಿಂತು ನೋಡಿದೆ. ಟೀಮಿಗೆ ಆರಿಸುವ ಮೊದಲು ನೋಡಬೇಕಾಗಿದ್ದ ಅರ್ಧ ಗಂಟೆ ಅದು.

ಆಟ ಮುಗಿದ ಮೇಲೆ ಹತ್ತಿರ ಹೋಗಿ ಕೇಳಿದೆ, ‘ನೀನು ಲೆಫ್ಟ್ ವಿಂಗಾ?’

‘ಸಣ್ಣದರಿಂದಲೂ ಅದೇ ಅಣ್ಣ. ನೀವು ಕೇಳಲೇ ಇಲ್ಲ.’

ಕೋಪದಿಂದ ಹೇಳಿದ್ದಲ್ಲ. ಕೋಪದಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಸಾರಿ ಹೇಳಿದೆ. ‘ಪರವಾಗಿಲ್ಲ ಬಿಡಿ’ ಎಂದು ಬೂಟು ಕೈಯಲ್ಲಿ ಹಿಡಿದು ಹೋದ. ಸಿನಿಮಾ ಆಗಿದ್ದರೆ ಈ ವರ್ಷ ಅವನು ಬಂದು ಫೈನಲ್‌ನಲ್ಲಿ ಗೋಲು ಹೊಡೆಯಬೇಕಿತ್ತು. ಹಾಗೇನೂ ಆಗಲಿಲ್ಲ. ಈ ಸಲ ಕರೆದೆವು, ಅವನು ಬರಲಿಲ್ಲ.

ಪಟ್ಟಿಯಲ್ಲಿ ಇಲ್ಲದ ಹೆಸರು

ಕೆಟ್ಟ ಸೈನಿಂಗ್‌ಗಳ ಪಟ್ಟಿಯಲ್ಲಿ ಯಾವಾಗಲೂ ಆಟಗಾರನ ಹೆಸರೇ ಇರುತ್ತದೆ. ಜೆರ್ಸಿ ಹಿಂದೆ ಪ್ರಿಂಟ್ ಆಗಿರುವುದು ಅವನ ಹೆಸರಲ್ಲವೇ? ಅವನನ್ನು ಆರಿಸಿದವರು, ಅವನ ಆಟಕ್ಕೆ ಹೊಂದದ ಜಾಗದಲ್ಲಿ ನಿಲ್ಲಿಸಿದವರು, ಎರಡೇ ತಿಂಗಳಲ್ಲಿ ಫಲಿತಾಂಶ ಕೇಳಿದವರು, ಇವರ್‍ಯಾರಿಗೂ ಜೆರ್ಸಿ ಇಲ್ಲ, ನಂಬರೂ ಇಲ್ಲ. ಮಿಕುವಿನಷ್ಟೇ ಗೋಲು ಬೇಕು ಎಂದು ಒನ್ವುವಿನಿಂದ ನಿರೀಕ್ಷೆ ಮಾಡಿದ ನಮ್ಮಂಥ ಅಭಿಮಾನಿಗಳದ್ದಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗಂತ ಎಲ್ಲ ತಪ್ಪೂ ಆರಿಸಿದವರದ್ದೇ ಎನ್ನಲಾರೆ. ನಿಜವಾಗಿಯೂ ಮೈಗಳ್ಳರು ಇರುತ್ತಾರೆ, ಸಂಬಳಕ್ಕೆ ಮಾತ್ರ ಬರುವವರೂ ಇರುತ್ತಾರೆ. ಇನ್ನು ಕೆಲವರಿಗೆ ಬೇಕಾಗಿರುವುದು ಸಮಯ. ಡಿಯಾಗೊ ಫೊರ್ಲಾನ್ 2002ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ಮೊದಲ ಗೋಲಿಗೆ 27 ಪಂದ್ಯ ಹಿಡಿಯಿತು. ಎಷ್ಟು ನಕ್ಕಿರಬಹುದು ಜನ! ಅದೇ ಫೊರ್ಲಾನ್ 2010ರ ವಿಶ್ವಕಪ್‌ನ ಶ್ರೇಷ್ಠ ಆಟಗಾರನಾಗಿ ಗೋಲ್ಡನ್ ಬಾಲ್ ಪಡೆದ. ನಾವು ನಕ್ಕ ಆ ಬೆಬೆ ಕೂಡ ಆಟ ಬಿಡಲಿಲ್ಲ. 2024ರ ಜನವರಿಯಲ್ಲಿ ಆಫ್ರಿಕಾ ಕಪ್‌ನಲ್ಲಿ ಕೇಪ್ ವರ್ಡಿ ಪರ ಮೊಜಾಂಬಿಕ್ ವಿರುದ್ಧ ಎಲ್ಲಿಂದಲೋ ಹೊಡೆದ ಫ್ರೀ ಕಿಕ್ ಗೋಲನ್ನು ಹುಡುಕಿ ನೋಡಿ.

ಇದೆಲ್ಲ ಈಗ ಯಾಕೆ ತಲೆಗೆ ಹತ್ತಿದೆ ಎಂದರೆ, ಆರನೇ ಸೆಮಿಸ್ಟರ್ ಮುಗಿಯುತ್ತಾ ಬಂತು. ಮುಂದೆ ಪ್ಲೇಸ್‌ಮೆಂಟ್. ಇಷ್ಟು ದಿನ ಬೇರೆಯವರ ಸೈನಿಂಗ್ ಬಗ್ಗೆ ತೀರ್ಪು ಕೊಡುತ್ತಿದ್ದ ನಾವೇ ಇನ್ನು ಸೈನಿಂಗ್‌ಗಳು. ನಮ್ಮ ರೆಸ್ಯೂಮೆ ಎಂದರೆ ನಮ್ಮ ಹದಿನೈದು ಸೆಕೆಂಡಿನ ರೀಲ್. ಅದರಲ್ಲಿ ಗೋಲು ಮಾತ್ರ ಇರುತ್ತದೆ, ಜಾರಿ ಬಿದ್ದದ್ದು ಇರುವುದಿಲ್ಲ. ನಮ್ಮ ಸೀನಿಯರ್ ಒಬ್ಬರು ದೊಡ್ಡ ಪ್ಯಾಕೇಜಿಗೆ ಸೇರಿ ಎಂಟು ತಿಂಗಳಲ್ಲಿ ಬಿಟ್ಟು ಊರಿಗೆ ಬಂದಾಗ ನಾವೆಲ್ಲ ಏನು ಮಾತಾಡಿದೆವು ಎಂದು ನನಗೆ ನೆನಪಿದೆ. ‘ಅವನಿಗೆ ಆಗಲಿಲ್ಲ.’ ಯಾವ ಕೆಲಸ ಕೊಟ್ಟಿದ್ದರು, ಏನು ಕಲಿಸಿದ್ದರು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆದ್ದರಿಂದ ಒಂದು ನಿರ್ಧಾರ ಮಾಡಿದ್ದೇನೆ. ಇಂಟರ್‌ವ್ಯೂನ ಕೊನೆಯಲ್ಲಿ ‘ಎನಿ ಕ್ವೆಶ್ಚನ್ಸ್?’ ಎಂದು ಕೇಳುತ್ತಾರಂತಲ್ಲ, ಆಗ ‘ನೋ ಸರ್’ ಎಂದು ಎದ್ದು ಬರುವುದಿಲ್ಲ. ನನ್ನನ್ನು ಯಾವ ಪೊಸಿಷನ್‌ನಲ್ಲಿ ಆಡಿಸುತ್ತೀರಿ ಎಂದು ಕೇಳುತ್ತೇನೆ. ಆ ಜೂನಿಯರ್ ಹೇಳಲು ಕಾಯುತ್ತಿದ್ದ, ಕೇಳುವವರು ಇರಲಿಲ್ಲ. ನನ್ನನ್ನೂ ಯಾರೂ ಕೇಳದಿದ್ದರೆ ನಾನಾದರೂ ಬಾಯಿ ಬಿಡಬೇಕು.

ಆವತ್ತು ಕರೆಂಟ್ ಬರುವ ಹೊತ್ತಿಗೆ ಕೊನೆಯ ಸರದಿ ನನ್ನದಾಗಿತ್ತು. ‘ನಿನ್ನ ವೋಟ್ ಯಾರಿಗೆ? ಒನ್ವುಗಾ, ಬ್ರೌನ್‌ಗಾ?’ ಎಂದರು. ‘ನಮ್ಮ ಬ್ರಾಂಚ್ ಟೀಮಿನ ಸೆಲೆಕ್ಟರ್‌ಗೆ’ ಎಂದೆ. ಐದು ಸೆಕೆಂಡ್ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ರೂಮ್‌ಮೇಟ್ ನನ್ನ ಬೆನ್ನಿಗೆ ಒಂದು ಗುದ್ದಿದ.

ರೂಮಿಗೆ ಹೋಗಿ ಫೋನಿನಿಂದ ಆ ಸ್ಟಿಕರ್ ಡಿಲೀಟ್ ಮಾಡಿದೆ. ಮರುದಿನ ಇಂಟರ್ನಲ್ಸ್ ಮುಗಿದ ಕೂಡಲೇ ಕ್ಲಾಸ್ ಗ್ರೂಪಿನಲ್ಲಿ ಯಾರೋ ಮತ್ತೆ ಅದನ್ನೇ ಹಾಕಿದರು.