ಲಸಿಕೆ ಚೀಟಿಗೆ ಸಹಿ ಯಾರದು?

10 ಮತ್ತು 16ರ ವಯಸ್ಸಿನಲ್ಲಿ ಹಾಕುವ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆಗೆ ಶಾಲೆಯಿಂದ ಬಂದ ಚೀಟಿ ಬ್ಯಾಗಿನ ತಳದಲ್ಲಿ ಮುದುಡಿರುತ್ತದೆ. ಅಪ್ಪ ದುಡಿಯಲು ಹೈದರಾಬಾದಿಗೆ ಹೋಗಿರುತ್ತಾನೆ. ಬೆಳಿಗ್ಗೆ ಹುಡುಗನೇ ಸಹಿ ಗೀಚಿಬಿಡುತ್ತಾನೆ. ಹದಿನಾರಾಯಿತಲ್ಲ, ನಡೆಯುತ್ತದೆ ಎಂಬ ನಂಬಿಕೆ ಬೀದರ್, ಭಾಲ್ಕಿ, ಔರಾದ್ ಎಲ್ಲ ಕಡೆಯೂ ಇದೆ.

ನಡೆಯುವುದಿಲ್ಲ. 2022ರ ಜನವರಿಯಲ್ಲಿ 15ರಿಂದ 18ರವರಿಗೆ ಕೊರೊನಾ ಲಸಿಕೆ ಬಂದಾಗ ಮಕ್ಕಳು ತಮ್ಮದೇ ಮೊಬೈಲಿನಿಂದ ಕೋವಿನ್‌ನಲ್ಲಿ ಹೆಸರು ಹಚ್ಚಬಹುದಿತ್ತು, ನಿಜ. ಆದರೆ ಹೆಸರು ಹಚ್ಚುವುದು ಬೇರೆ, ಒಪ್ಪಿಗೆ ಬೇರೆ. 1875ರ ಪ್ರಾಪ್ತ ವಯಸ್ಸಿನ ಕಾಯ್ದೆಯಂತೆ 18 ತುಂಬಿದವರೇ ವಯಸ್ಕರು. 12ರೊಳಗಿನ ಮಗುವಿನ ಒಪ್ಪಿಗೆಯನ್ನು ಭಾರತೀಯ ನ್ಯಾಯ ಸಂಹಿತೆಯ 28ನೇ ಕಲಂ ಒಪ್ಪಿಗೆಯೆಂದೇ ಎಣಿಸುವುದಿಲ್ಲ. ನಡುವಿನ ಆರು ವರ್ಷ ಮಾತ್ರ ಮಸುಕು. ಲಸಿಕೆಗೆ ಇಂತಿಷ್ಟು ವಯಸ್ಸು ಸಾಕೆಂದು ಯಾವ ಕಾನೂನೂ ಬಾಯಿಬಿಟ್ಟು ಹೇಳಿಲ್ಲ. ಹಾಗಾಗಿ ವೈದ್ಯರು ಪೋಷಕರನ್ನೇ ಕೇಳುತ್ತಾರೆ. ತಿಳಿವಳಿಕೆಯಿದ್ದರೆ 16ರೊಳಗಿನವರ ಒಪ್ಪಿಗೆಯೂ ಸಾಕೆಂಬ 1985ರ ಗಿಲಿಕ್ ತೀರ್ಪು ಇಂಗ್ಲೆಂಡಿನದು, ಇಲ್ಲಿಯದಲ್ಲ.

ಅಪ್ಪನದೇ ಸಹಿ ಬೇಕೆನ್ನುವುದೂ ತಪ್ಪು. ತಂದೆ ದೂರವಿದ್ದಾಗ ತಾಯಿಯೇ ಪೋಷಕಿಯಾಗಬಲ್ಲಳು ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಹೆಡ್‌ಮಾಸ್ತರರೋ ವಾರ್ಡನ್ನರೋ ಹಾಕಿದರಾಯಿತು ಎನ್ನುವುದಂತೂ ಅಪಾಯದ ಮಾತು. ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟವರು ತೆಲಂಗಾಣದ ಖಮ್ಮಂನ ಕಥೆ ತಿಳಿದಿರಬೇಕು. 2009ರಲ್ಲಿ ಅಲ್ಲಿ 10ರಿಂದ 14ರ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಧ್ಯಯನಕ್ಕಾಗಿ ಕೊಟ್ಟರು. ಸಂಸದೀಯ ಸಮಿತಿ 2013ರಲ್ಲಿ ಬಯಲಿಗೆಳೆದ ಲೆಕ್ಕ ನೋಡಿ: 9,543 ಫಾರಂಗಳಲ್ಲಿ 2,763ಕ್ಕೆ ವಾರ್ಡನ್ನರ ಸಹಿ, 1,948ಕ್ಕೆ ಬರೀ ಹೆಬ್ಬೆಟ್ಟು. ಅಷ್ಟರೊಳಗೆ, 2010ರ ಏಪ್ರಿಲ್‌ನಲ್ಲೇ, ಯೋಜನೆ ನಿಂತಿತ್ತು. ಎಡವಟ್ಟಾದದ್ದು ಒಪ್ಪಿಗೆ ಪಡೆದ ರೀತಿಯಲ್ಲಿ. ಲಸಿಕೆಯೇ ಕೆಟ್ಟದ್ದೆಂದು ಓದಿಕೊಂಡವರಿಂದ ಆ ಲಸಿಕೆಗೆ ಅಂಟಿದ ಅನುಮಾನ ಬಹುಕಾಲ ಹೋಗಲಿಲ್ಲ.

ಹಾಗೆಂದು ಎಲ್ಲದಕ್ಕೂ ಸಹಿಗಾಗಿ ಕಾಯುತ್ತ ಕೂಡಬಾರದು. ನಾಯಿ ಕಚ್ಚಿದ ಮಗು ಒಂಟಿಯಾಗಿ ದವಾಖಾನೆಗೆ ಬಂದು, ಮನೆಯವರು ಬೇಗ ಸಿಗದಿದ್ದರೆ, ಒಪ್ಪಿಗೆಯಿಲ್ಲದೆಯೂ ಚಿಕಿತ್ಸೆ ಕೊಡುವ ವೈದ್ಯರಿಗೆ ಸಂಹಿತೆಯ 30ನೇ ಕಲಂ ರಕ್ಷಣೆ ಕೊಡುತ್ತದೆ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು, ರೇಬೀಸ್ ಲಸಿಕೆಯ ಮೊದಲ ಸೂಜಿ ಅಂದೇ ಬೀಳಬೇಕು. 3, 7, 28ನೇ ದಿನದ ಸೂಜಿಗಳಿಗೆ ಮನೆಯವರು ಜೊತೆಗೆ ಬಂದರಾಯಿತು.